ಹೊಲದ ಗಂಬ

೧೯೭೮ರ ಬೇಸಿಗೆಯಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುವುದು ಒಳ್ಳೆಯದು. ಫೆಬ್ರವರಿಯಲ್ಲಿ ರೆಕಾರ್ಡು ನನ್ನ ಕೈಗೆ ಬಂತು. ಮಾರ್ಚಿನಲ್ಲಿ ಅದನ್ನು ನುಡಿಸುವ ಯಂತ್ರ ಹೊಳಲ್ಕೆರೆಯ ವಾಚನಾಲಯಕ್ಕೆ ಬಂತು. ಏಪ್ರಿಲ್ ಕೊನೆಯಲ್ಲಿ ಶರತ್ತು ಹುಟ್ಟಿತು. ಮೇ ತಿಂಗಳಲ್ಲಿ ಮೊದಲ ಪ್ರಯೋಗ ನಡೆಯಿತು, ಜೂನ್ ತಿಂಗಳಲ್ಲಿ ಎರಡನೆಯದು. ಈ ಕ್ರಮವನ್ನು ಹಿಂದುಮುಂದು ಮಾಡಿ ಹೇಳಿದರೆ ಮೈಕ್‌ಸೆಟ್ಟಿನ ಮುನಿಯಪ್ಪನವರ ಮೇಲೆ ಇಲ್ಲದ ಅನುಮಾನ ಬರುತ್ತದೆ. ಅವರು ಮಾಡಿದ್ದು ವ್ಯಾಕರಣದ ತಪ್ಪು ಮಾತ್ರ.

ನಾನು ಆಗ ಹೊಳಲ್ಕೆರೆಯ ಖಾಸಗಿ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಹೆಸರು ಪಾಲಣ್ಣ, ಊರು ಹಿರಿಯೂರಿನ ಕಡೆ, ಓದಿದ್ದು ಚಿತ್ರದುರ್ಗದಲ್ಲಿ, ಬಿ.ಎಸ್ಸಿ. ಹಿರಿಯೂರು, ಹೊಸದುರ್ಗದ ಸುತ್ತ ಬೋರ್‌ವೆಲ್ ಕೊರೆಸಲು ಬಂದಿದ್ದ ಹಾಲೆಂಡಿನ ಎಂಜಿನಿಯರೊಬ್ಬರಿಗೆ ರಜೆಯ ದಿನಗಳಲ್ಲಿ ದುಭಾಷಿಯಾಗಿ ತಿರುಗುತ್ತಿದ್ದೆ. ಅವರು ಕೇಳಿದ್ದನ್ನು ರೈತರಿಗೂ ರೈತರು ಬೈದದ್ದನ್ನು ಸ್ವಲ್ಪ ತೊಳೆದು ಅವರಿಗೂ ದಾಟಿಸುವುದು ನನ್ನ ಕೆಲಸ. ತಮ್ಮ ದೇಶಕ್ಕೆ ಹೊರಡುವಾಗ ಅವರು ನನಗೆ ಒಂದು ರೆಕಾರ್ಡು ಕೊಟ್ಟರು. ತಾವು ಬಳಸುತ್ತಿದ್ದ ಗ್ರಾಮಫೋನನ್ನು, ನಾನೂ ಬಳಸಲಿ ಊರೂ ಬಳಸಲಿ ಎಂದು, ನಮ್ಮ ವಾಚನಾಲಯಕ್ಕೆ ಕೊಟ್ಟರು. ಉದ್ದೇಶ ಒಳ್ಳೆಯದೇ, ಆದರೆ ಊರು ಮತ್ತು ನಾನು ಎಂಬ ಎರಡು ಪಕ್ಷಗಳು ಏರ್ಪಟ್ಟದ್ದು ಅದರಿಂದಲೇ.

ರೆಕಾರ್ಡಿನಲ್ಲಿದ್ದದ್ದು ವಯೊಲ ದ ಗಂಬ ಎಂಬ ವಾದ್ಯ. ಪಿಟೀಲಿನ ದಾಯಾದಿ ಇರಬೇಕೆಂದು ಮೊದಲು ತಿಳಿದಿದ್ದೆ, ಎಂಜಿನಿಯರು ತಿದ್ದಿದರು. ಅದರ ವಂಶವೇ ಬೇರೆ. ಕರುಳಿನಿಂದ ಮಾಡಿದ ಆರು ಅಥವಾ ಏಳು ತಂತಿ, ವೀಣೆಯಂತೆ ಕುತ್ತಿಗೆಯ ಮೇಲೆ ಮೆಟ್ಟುಗಳು, ಆದರೆ ಅವೂ ಕರುಳಿನ ದಾರವನ್ನು ಬಿಗಿದು ಕಟ್ಟಿದವು. ನುಡಿಸುವವರು ಕುಳಿತು, ಅದನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು, ಅಂಗೈ ಮೇಲಾಗಿ ಕಮಾನು ಹಿಡಿಯುತ್ತಾರೆ. ಗಂಬ ಎಂದರೆ ಇಟಲಿಯ ಭಾಷೆಯಲ್ಲಿ ಕಾಲು. ಸುಮಾರು ಇನ್ನೂರು ವರ್ಷಗಳ ಹಿಂದೆ ಅದರ ಕಾಲ ಮುಗಿಯಿತೆಂದು ಯುರೋಪಿನವರು ಅದನ್ನು ಗೋಡೆಗೆ ನೇತುಹಾಕಿದರಂತೆ. ಆಮೇಲೆ ಯಾರೋ ಕೆಳಗಿಳಿಸಿ ಧೂಳು ಒರೆಸಿ ನುಡಿಸಿ ನೋಡಿದರಂತೆ. ಅಂದಿನಿಂದ ಮತ್ತೆ ಗೋಡೆಗೆ ಹೋಗಿಲ್ಲ.

ನನ್ನ ರೆಕಾರ್ಡಿನಲ್ಲಿ ಪಕ್ಕವಾದ್ಯ ಇರಲಿಲ್ಲ. ತಾಳದವರಿಲ್ಲ, ಶ್ರುತಿಯವರಿಲ್ಲ, ಒಬ್ಬರೇ. ಮೊದಲ ಸಲ ಕೇಳಿದಾಗ ಏನೋ ಬಿಟ್ಟುಹೋಗಿದೆ ಅನ್ನಿಸಿತು. ಮೂರನೆಯ ಸಲಕ್ಕೆ, ಬಿಟ್ಟುಹೋದದ್ದನ್ನು ನನ್ನ ಕಿವಿಯೇ ತುಂಬಿಸಿಕೊಳ್ಳುತ್ತಿದೆ ಎಂದು ಗೊತ್ತಾಯಿತು. ಕಮಾನು ಕೆಳಗಿನ ತಂತಿಯನ್ನು ಒಮ್ಮೆ ಮುಟ್ಟಿ ಮೇಲಕ್ಕೆ ಹೋಗುತ್ತದೆ. ಮುಟ್ಟಿಸಿಕೊಂಡ ತಂತಿ ತನ್ನ ಪಾಡಿಗೆ ಮಿಡಿಯುತ್ತಲೇ ಇರುತ್ತದೆ. ಮೇಲಿನ ಸ್ವರ ಅದರ ಮೇಲೆ ನಡೆಯುತ್ತದೆ. ಅನುರಣನದ ನಿಯಮ ನನಗೆ ಗೊತ್ತಿತ್ತು, ಹತ್ತನೇ ತರಗತಿಗೆ ಪಾಠವನ್ನೂ ಮಾಡುತ್ತಿದ್ದೆ. ಆದರೆ ನಿಯಮ ಗೊತ್ತಿದ್ದೂ ಎದೆ ಭಾರವಾಗುವುದೇಕೆ ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ಅಧ್ಯಾಯ ಇರಲಿಲ್ಲ. ಹಾಗಾಗಿ ದಿನವೂ ಶಾಲೆ ಬಿಟ್ಟ ಮೇಲೆ ವಾಚನಾಲಯಕ್ಕೆ ಹೋಗಿ ಕೇಳತೊಡಗಿದೆ.

ವಾಚನಾಲಯದ ಅಧ್ಯಕ್ಷರು ಶಿವಕುಮಾರಪ್ಪನವರು. ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆತನ. ವಾರಕ್ಕೆ ಎರಡು ದಿನ ಹೊಳಲ್ಕೆರೆಯಲ್ಲಿರುತ್ತಿದ್ದರು. ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಅವರು ಬಾಗಿಲಲ್ಲಿ ನಿಂತು, ರೆಕಾರ್ಡು ತಿರುಗುವುದನ್ನು ಅಡಿಕೆಯಲ್ಲಿ ಹುಳುಕು ಹುಡುಕುವ ಕಣ್ಣಿನಿಂದ ನೋಡಿದರು.

“ಮೇಷ್ಟ್ರೆ, ಈ ಮಿಷನ್ನು ನಿಮ್ಮೊಬ್ಬರ ಕಿವಿಗೆ ಅಂತ ಇಲ್ಲಿ ಕುಂತೈತೇನ್ರಿ?”

“ಬೇರೆಯವರೂ ಕೇಳಬಹುದು, ಸಾರ್.”

“ಯಾರು ಕೇಳ್ತಾರ್ರಿ? ಮೊನ್ನೆ ಪೇಪರ್ ಓದಾಕೆ ಬಂದೋರು, ಪಕ್ಕದ ಮನ್ಯಾಗೆ ಯಾರೋ ಮರ ಕೊಯ್ತಾವ್ರೆ ಅಂತ ಎದ್ದು ನೋಡಾಕೆ ಹೋದ್ರಂತೆ.”

ಇದು ನಿಜ. ಹೋದವರು ತಿರುಗಿ ಬರಲೂ ಇಲ್ಲ.

“ಮಿಷನ್ನು ಕೊಡ್ರಿ ಅಂತ ಮುನಿಯಪ್ಪ ಕೇಳ್ತಾ ಅವ್ನೆ,” ಎಂದರು ಅಧ್ಯಕ್ಷರು. “ಮದುವೆ ಸೀಜನ್ನು. ಅವನ ಹಳೇ ಮಿಷನ್ನು ಧಾರೆ ಹೊತ್ನಾಗೆ ಗೊಗ್ಗರು ದನಿ ಹೊರಡಿಸಿ ಬೀಗರು ಮುನಿಸ್ಕಂಡ್ರಂತೆ. ಇದನ್ನ ಕೊಟ್ರೆ ನಾಕು ಊರಿಗಾದ್ರೂ ಕೇಳ್ತೈತೆ.”

ಮುನಿಯಪ್ಪನವರಿಗೆ ಯಂತ್ರ ಹೋದರೆ ನನಗೆ ಉಳಿಯುವುದು ರೆಕಾರ್ಡು ಮಾತ್ರ. ಅದನ್ನು ಬೆಳಕಿಗೆ ಹಿಡಿದು ಗೆರೆಗಳನ್ನು ನೋಡಬಹುದು, ಕೇಳಲಾಗದು. ನನ್ನ ಸಂಬಳದಲ್ಲಿ ಇನ್ನೊಂದು ಯಂತ್ರ ಕೊಳ್ಳುವ ಮಾತೇ ಇರಲಿಲ್ಲ. ಆದ್ದರಿಂದ ವಾದಿಸಿದೆ. ಈ ಸಂಗೀತ ಯಾರಿಗಾದರೂ ಹಿಡಿಸುವಂಥದ್ದು, ಇದಕ್ಕೆ ಪೂರ್ವಸಿದ್ಧತೆ ಬೇಡ, ಒಮ್ಮೆ ಪೂರ್ತಿ ಕೇಳಿದರೆ ಸಾಕು ಎಂದೆ.

ಅಧ್ಯಕ್ಷರು ವ್ಯಾಪಾರಸ್ಥರು, ವಾದವನ್ನು ತೂಕಕ್ಕೆ ಇಟ್ಟರು. “ಆಯ್ತು. ಊರಿಗೆಲ್ಲಾ ಹೇಳಿ ಒಂದಿನ ಹಾಕ್ರಿ. ರೆಕಾರ್ಡಿನ ಒಂದು ಮಗ್ಗುಲು ಪೂರಾ ಮುಗಿಯೋತನಕ, ನಿಮ್ಮನ್ನ ಬಿಟ್ಟು ಒಬ್ಬರಾದ್ರೂ ತಾವಾಗೇ ಕುಂತಿರ್ಬೇಕು. ಕುಂತ್ರೆ ಮಿಷನ್ನು ಇಲ್ಲೇ ಇರ್ತೈತೆ, ಭಾನುವಾರ ಮಧ್ಯಾಹ್ನ ನಿಮ್ದು. ಇಲ್ಲಾಂದ್ರೆ ಮುನಿಯಪ್ಪಂದು.”

ಒಪ್ಪಿದೆ. ‘ತಾವಾಗೇ’ ಎಂಬ ಪದದ ಮಹತ್ವ ಆಗ ಗಮನಕ್ಕೆ ಬರಲಿಲ್ಲ.

ಪ್ರಚಾರದ ಹೊಣೆಯನ್ನು ಮುನಿಯಪ್ಪನವರೇ ಹೊತ್ತರು. ಎದುರಾಳಿಯಾದರೂ ದೊಡ್ಡ ಮನಸ್ಸು. “ನ್ಯಾಯವಾಗಿ ಗೆಲ್ಲಬೇಕು ಸಾರ್,” ಎಂದು ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಸಂತೆಗೆ ಹೊರಟರು. ನಾನು ಚೀಟಿಯಲ್ಲಿ ಅಚ್ಚುಕಟ್ಟಾಗಿ ಬರೆದುಕೊಟ್ಟಿದ್ದೆ: ಸೋಲೊ ವಯೊಲ ದ ಗಂಬ, ಭಾನುವಾರ ಮಧ್ಯಾಹ್ನ ಮೂರೂವರೆಗೆ, ವಾಚನಾಲಯದಲ್ಲಿ, ಪ್ರವೇಶ ಉಚಿತ, ಎಲ್ಲರೂ ಬನ್ನಿ.

ಭಾನುವಾರ ನಾನು ಹೋಗುವ ಹೊತ್ತಿಗೆ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚು ತುಂಬಿ, ನೆಲ ತುಂಬಿ, ಕಿಟಕಿಯ ಹೊರಗೂ ಪೇಟಗಳು ಕಾಣುತ್ತಿದ್ದವು. ಬಿ.ದುರ್ಗದವರು, ಭೀಮಸಮುದ್ರದವರು, ಅಷ್ಟು ದೂರದ ಬಾಗೂರಿನವರು. ಒಂದು ಕ್ಷಣ ನನ್ನ ಕಣ್ಣು ಒದ್ದೆಯಾಯಿತು. ಮನುಷ್ಯನ ಸಂಗೀತಪ್ರೇಮವನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ ಎಂದುಕೊಂಡೆ. ಆಮೇಲೆ ಅನೇಕರ ಕೈಯಲ್ಲಿ ಪಹಣಿ ಇರುವುದು ಕಾಣಿಸಿತು.

ಬಾಗೂರಿನ ಮುದ್ದಣ್ಣ ಎಂಬವರು ಎದ್ದು ನಿಂತರು. “ಸಾರ್, ಮೊದ್ಲು ಬಂದೋರಿಗೆ ಮೊದ್ಲು ಅಲ್ವೇನ್ರಿ? ನಾನು ಬೆಳಿಗ್ಗೆನೇ ಬಂದು ಕುಂತೀನಿ. ನನ್ನ ಹೊಲಕ್ಕೆ ಮೂರು ಕಂಬ ಸಾಕು, ಜಾಸ್ತಿ ಬ್ಯಾಡ.”

“ಯಾವ ಕಂಬ?”

“ಕರೆಂಟ್ ಕಂಬ ಕಣ್ರಿ. ಪಂಪ್‌ಸೆಟ್ಟಿಗೆ. ಉಚಿತ ಅಂತ ಮೈಕಿನಾಗೆ ಕೂಗಿದ್ರಲ್ಲ, ಹೊಲದ ಗಂಬ, ಉಚಿತ ಅಂತ.”

ನಾನು ಮುನಿಯಪ್ಪನವರ ಕಡೆ ತಿರುಗಿದೆ. ಅವರು ನನ್ನ ಚೀಟಿಯನ್ನು ಜೇಬಿನಿಂದ ತೆಗೆದು, ಪಕ್ಕಕ್ಕೆ ಕರೆದು, ನನ್ನ ಮಾನ ಕಾಯುವವರಂತೆ ಮೆಲ್ಲಗೆ ಹೇಳಿದರು: “ಆತುರದಾಗೆ ಬರ್ದಿದ್ರಿ ಅನ್ಸುತ್ತೆ ಸಾರ್. ಹೊಲ ಅನ್ನೋದನ್ನ ವಯೊಲ ಅಂತ ಬರ್ದಿದ್ರಿ. ನಾನು ಯಾರ್ಗೂ ಹೇಳ್ಲಿಲ್ಲ, ತಿದ್ಕಂಡೆ.”

“ಗಂಬ ಎಂದರೆ ಕಂಬವಲ್ಲ, ಮುನಿಯಪ್ಪನವರೆ.”

“ಹೆಂಗಲ್ಲ ಸಾರ್? ಗರುಡಗಂಬ, ದೀಪಗಂಬ. ಆದೇಶ ಸಂಧಿ. ಎಸ್ಸೆಸ್ಸೆಲ್ಸಿಯಾಗೆ ಕನ್ನಡ ಒಂದ್ರಲ್ಲೇ ನಾನು ಪಾಸಾಗಿರೋದು.”

“ಆದೇಶ ಸಂಧಿಯಾದರೆ ಹೊಲಗಂಬ ಆಗಬೇಕು. ‘ಹೊಲದ’ ಎಂದು ವಿಭಕ್ತಿ ಪ್ರತ್ಯಯ ಉಳಿದರೆ ಸಂಧಿಯೇ ಆಗುವುದಿಲ್ಲ.”

“ಅದು ನನಗೂ ಅನ್ಸಿತ್ತು. ಆದ್ರೆ ಮೇಷ್ಟ್ರು ಬರ್ದಿದ್ದು, ಪೂರಾ ತಿದ್ದಬಾರ್ದು ಅಂತ ಬಿಟ್ಟೆ.”

“ಸೋಲೊ ಎಂಬ ಪದ?”

“ಕಾರ್ಯಕ್ರಮಕ್ಕೆ ಮುಂಚೆನೇ ಸೋಲು ಅಂತ ಮೈಕಿನಾಗೆ ಕೂಗೋದಾ ಸಾರ್? ಬಿಡ್ತು ಅನ್ನಿ.”

ಅಧ್ಯಕ್ಷರು ಮೂಲೆಯ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ನನಗೆ ಎರಡು ದಾರಿಗಳಿದ್ದವು. ಬಾಯಿ ಮುಚ್ಚಿಕೊಂಡು ರೆಕಾರ್ಡಿನ ಮೇಲೆ ಮುಳ್ಳು ಇಟ್ಟರೆ, ಕಂಬ ಹಂಚುವವರೆಗೂ ಇಡೀ ಸಭೆ ಕದಲದೆ ಕುಳಿತಿರುತ್ತಿತ್ತು, ಶರತ್ತು ಪೂರೈಸುತ್ತಿತ್ತು, ಯಂತ್ರ ಉಳಿಯುತ್ತಿತ್ತು. ಆದರೆ ಆ ಜನ ಕಾಯುತ್ತಿದ್ದುದು ಸಂಗೀತವನ್ನಲ್ಲ, ತಮ್ಮ ಸರದಿಯನ್ನು. ಸುಳ್ಳು ಅಳತೆಯನ್ನು ಗ್ರಾಫಿನ ಮೇಲೆ ಗುರುತಿಸಲು ನನ್ನ ವಿದ್ಯಾರ್ಥಿಗಳಿಗೂ ಬಿಟ್ಟಿದ್ದಿಲ್ಲ. ಮೇಜಿನ ಬಳಿ ನಿಂತು ಹೇಳಿದೆ:

“ದಯವಿಟ್ಟು ಕ್ಷಮಿಸಬೇಕು. ಇಲ್ಲಿ ಯಾರಿಗೂ ಕಂಬ ಕೊಡುವುದಿಲ್ಲ. ಗಂಬ ಎನ್ನುವುದು ಒಂದು ವಾದ್ಯ. ಗಂಬ ಎಂದರೆ ಕಾಲು.”

ಕಿಟಕಿಯ ಹೊರಗಿನಿಂದ ಒಂದು ದನಿ ಕೇಳಿತು: “ಕಂಬದ ಕಾಲಾ?”

ಅಲ್ಲಿಂದ ಗದ್ದಲ. “ಏಳ್ರಲೇ, ಹೋಗಾಣ!” ಎಂದರು ಮುದ್ದಣ್ಣ. “ಬಾಗೂರಿಂದ ಬಂದಿದ್ದು ಪಿಟೀಲು ಕೇಳಾಕಾ? ಮನ್ಯಾಗೆ ಹೆಂಡ್ರಿಗೆ ಏನಂತ ಹೇಳ್ಲಿ?” ಒಂದಷ್ಟು ಮಂದಿ ನಗುತ್ತ, ಒಂದಷ್ಟು ಮಂದಿ ಬೈಯುತ್ತ ಎದ್ದು ಹೋದರು. ಮುನಿಯಪ್ಪನವರು ಯಂತ್ರದ ವೈರನ್ನು ಕಣ್ಣಿನಲ್ಲೇ ಸುತ್ತಿಕೊಳ್ಳುತ್ತಿದ್ದರು.

ಆಗ ಕಂಬಳಿ ಹಾಸಿಕೊಂಡು ನೆಲದ ಮೇಲೆ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬರು ಮುದ್ದಣ್ಣನವರ ಪಂಚೆಯ ಚುಂಗು ಹಿಡಿದು ಜಗ್ಗಿದರು. ಅವರು ಬಿ.ದುರ್ಗದ ಹುಚ್ಚಕ್ಕ, ಕುರಿ ಕಾಯುವ ಮನೆಯವರು, ಮಗನ ಹೊಲಕ್ಕೆ ಕಂಬ ಕೇಳಲು ಬಂದಿದ್ದವರು. “ಎಲ್ಲಿಗೋಗ್ತೀಯಪ್ಪ? ಬಸ್ಸು ನಾಕೂವರೆಗೆ. ಹೊರಗೆ ಬಿಸಿಲು ತಲೆ ಒಡೀತೈತೆ. ಕುಂತ್ಕ. ಕಾಲಿನ ಸಂಗೀತ ಹೆಂಗಿರ್ತೈತೋ ನೋಡೇ ಬಿಡಾಣ.”

ಮುದ್ದಣ್ಣ ಕುಳಿತರು. ಅವರನ್ನು ನೋಡಿ ಇನ್ನಷ್ಟು ಜನ ಕುಳಿತರು. ನಾನು ಮುಳ್ಳು ಇಟ್ಟೆ.

ಮೊದಲ ಭಾಗ ನಿಧಾನ. ತಗ್ಗಿನಲ್ಲಿ ಒಂದು ಸ್ವರ, ಆಮೇಲೆ ಬಿಡುವು, ಆಮೇಲೆ ಮೇಲಿನಿಂದ ಎರಡು ಮೂರು ಸ್ವರಗಳು ಮೆಟ್ಟಿಲಿಳಿದು ಬರುತ್ತವೆ. ಯಾರೋ ಕೆಮ್ಮಿದರು. ಯಾರೋ ಬೀಡಿ ಹಚ್ಚಲು ಕಡ್ಡಿ ಗೀರಿ, ಹಚ್ಚದೆ ಹಾಗೇ ಹಿಡಿದು, ಬೆರಳು ಸುಟ್ಟುಕೊಂಡರು.

“ಇದನ್ನ ನುಡಿಸೋರು ಎಷ್ಟು ಜನ?” ಎಂದರು ಹುಚ್ಚಕ್ಕ.

“ಒಬ್ಬರೇ, ಅಜ್ಜಿ.”

“ಸುಳ್ಳೇಳಬ್ಯಾಡ ಮೇಷ್ಟ್ರಪ್ಪ. ಇಬ್ಬರವ್ರೆ. ಒಬ್ಬ ಕೇಳ್ತಾನೆ, ಇನ್ನೊಬ್ಬ ಹೇಳ್ತಾನೆ. ಕೇಳೋನು ಸಣ್ಣೋನು, ಹೇಳೋನು ದೊಡ್ಡೋನು.”

ಒಂದೇ ಕಮಾನು ಕೆಳಗಿನ ತಂತಿಗೂ ಮೇಲಿನ ತಂತಿಗೂ ಹೇಗೆ ಸರಿಯುತ್ತದೆ ಎಂದು ಕೈಯಾಡಿಸಿ ತೋರಿಸಿದೆ. ಅವರು ನನ್ನ ಕೈಯನ್ನು ನೋಡಿ ತಲೆಯಾಡಿಸಿದರು.

“ಅಂಗಾರೆ ಪಾಪ, ಜತೆಗೆ ಯಾರೂ ಇಲ್ಲ ಅನ್ನು. ತಾನೇ ಕೇಳ್ತಾನೆ, ತಾನೇ ಹೇಳ್ಕಂತಾನೆ. ಮಂದೆ ಹಿಂದೆ ಹೋಗೋರೆಲ್ಲ ಅಂಗೇಯ. ನಮ್ಮ ಮಾವನೂ ಬಿದಿರಿನ ಗಣೆ ಊದೋನು. ಊದಿ ಊದಿ, ನಿಲ್ಸಿ, ಯಾರೋ ಏನೋ ಅಂದ್ರೇನೋ ಅನ್ನಂಗೆ ಹೂಂ ಅನ್ನೋನು.”

“ತಂತಿ ಯಾವ್ದರದು ಸಾರ್?” ಎಂದು ಮುದ್ದಣ್ಣ ಕೇಳಿದರು. ಬೈಯಲು ಇನ್ನೊಂದು ಕಾರಣ ಸಿಕ್ಕೀತೇ ಎಂಬ ದನಿ.

“ಕುರಿಯ ಕರುಳಿನದು.”

ಹುಚ್ಚಕ್ಕ ಬೆಚ್ಚಿಬಿದ್ದರು. “ಕುರೀದಾ? ನಲವತ್ತು ವರ್ಷದಿಂದ ಕಾಯ್ತೀನಿ, ಬದುಕಿದ್ದಾಗ ಒಂದಿನಾನೂ ಹಿಂಗೆ ಕೂಗ್ಲಿಲ್ವಲ್ಲಪ್ಪ!”

ನಗು ಮುಗಿಯುವಷ್ಟರಲ್ಲಿ ಎರಡನೆಯ ಭಾಗ ಆರಂಭವಾಗಿತ್ತು. ಅದು ಕುಣಿತದ ನಡೆ. ಮೂರನೆಯದಕ್ಕೆ ಮುದ್ದಣ್ಣ ಗೋಡೆಗೆ ಒರಗಿ ನಿದ್ದೆಹೋದರು. ಹುಚ್ಚಕ್ಕನವರು ಕಣ್ಣು ಮುಚ್ಚಿದ್ದರು. ಆದರೆ ಬೆರಳು ಕಂಬಳಿಯ ಅಂಚನ್ನು ಸವರುತ್ತಿದ್ದುದರಿಂದ ನಿದ್ದೆಯಲ್ಲ ಎಂದು ಖಚಿತಪಡಿಸಿಕೊಂಡೆ. ಮಗ್ಗುಲು ಮುಗಿದು ಮುಳ್ಳು ಕರಕರ ಎಂದಾಗ ನೆಲದ ಮೇಲೆ ಇನ್ನೂ ಒಂದು ಸಂಸಾರದಷ್ಟು ಜನ ಇದ್ದರು. ನಾನು ವಿಜಯಿಯಂತೆ ಅಧ್ಯಕ್ಷರನ್ನು ನೋಡಿದೆ.

ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಸಂಸಾರ ಪೂರ್ತಿ ಎದ್ದು ಓಡಿತು. ಹುಚ್ಚಕ್ಕ ಬಾಗಿಲಲ್ಲಿ ಒಮ್ಮೆ ನಿಂತು, “ಅವನಿಗೆ ಯಾರ್ನಾದ್ರೂ ಜತೆ ಮಾಡ್ರಪ್ಪ,” ಎಂದು ಹೇಳಿ ಹೋದರು.

ಅಧ್ಯಕ್ಷರು ಕುರ್ಚಿಯಿಂದ ಏಳಲಿಲ್ಲ. “ಮೇಷ್ಟ್ರೆ, ಬಸ್ಸು ನಾಕಕ್ಕೇ ಇದ್ದಿದ್ರೆ ಎಷ್ಟು ಜನ ಇರ್ತಿದ್ರು?”

“ಗೊತ್ತಿಲ್ಲ, ಸಾರ್.”

“ಬಿಸಿಲು ಇಲ್ದಿದ್ರೆ?”

“ಅದೂ ಗೊತ್ತಿಲ್ಲ.”

“ತಾವಾಗೇ ಅಂದಿದ್ದೆ ನಾನು.”

ಆಕ್ಷೇಪ ಸರಿಯಾಗಿತ್ತು. ಒಂದೇ ಫಲಕ್ಕೆ ಮೂರು ಕಾರಣಗಳಿದ್ದಾಗ, ತನಗೆ ಪ್ರಿಯವಾದ ಕಾರಣವನ್ನೇ ಆರಿಸಿಕೊಳ್ಳುವುದು ವಿಜ್ಞಾನವಲ್ಲ. ಮತ್ತೊಮ್ಮೆ ಪ್ರಯೋಗ ಮಾಡುವುದೆಂದೂ, ಅದೇ ಕೊನೆಯೆಂದೂ ಒಪ್ಪಿದೆ. ಜೂನ್ ಮೊದಲ ಭಾನುವಾರ, ಐದೂವರೆಗೆ, ಬಸ್ಸು ಹೋದ ಮೇಲೆ, ಬಿಸಿಲು ಇಳಿದ ಮೇಲೆ.

ಈ ಸಲ ಮುನಿಯಪ್ಪನವರ ಪ್ರಚಾರದಲ್ಲಿ ಯಾವ ಲೋಪವೂ ಇರಲಿಲ್ಲ. ಊರೆಲ್ಲ ತಿರುಗಿ ಕೂಗಿದರು: “ಕಂಬ ಇಲ್ಲ, ಕಂಬ ಇಲ್ಲ, ಬರೀ ಗಂಬ! ಕಂಬ ಅನ್ಕಂಡು ಬಂದು ಆಮೇಲೆ ನಮ್ಮನ್ನ ಬೈಬಾರ್ದು!” ಇಷ್ಟು ನಿಖರವಾದ ಜಾಹೀರಾತಿಗೆ ಯಾರು ಬರುತ್ತಾರೆ? ಸಾಲದ್ದಕ್ಕೆ ಶುಕ್ರವಾರ ಹದವಾದ ಮಳೆ ಬಿತ್ತು. ಭಾನುವಾರ ತಾಲ್ಲೂಕಿಗೆ ತಾಲ್ಲೂಕೇ ಹೊಲದಲ್ಲಿತ್ತು. ಹುಚ್ಚಕ್ಕನವರೂ ಮಗನ ಬಿತ್ತನೆಗೆ ಹೋಗಿದ್ದಾರೆಂದು ಬಿ.ದುರ್ಗದಿಂದ ಬಂದ ಹುಡುಗನೊಬ್ಬ ಹೇಳಿದ.

ಐದೂವರೆಗೆ ವಾಚನಾಲಯದಲ್ಲಿ ನಾನಿದ್ದೆ. ಶರತ್ತಿನ ಸಾಕ್ಷಿಗೆಂದು ಬಂದ ಶಿವಕುಮಾರಪ್ಪನವರಿದ್ದರು. ಹೊರಗೆ ಮುನಿಯಪ್ಪನವರು ಕೈಗಾಡಿ, ಹಗ್ಗ, ಮಳೆ ಬಂದರೆ ಹೊದಿಸಲು ಒಂದು ತಾಡಪಾಲು ಸಹಿತ ಸಿದ್ಧರಾಗಿದ್ದರು. ಬೆಂಚುಗಳು ಖಾಲಿ.

“ಸುರು ಮಾಡ್ರಿ,” ಎಂದರು ಅಧ್ಯಕ್ಷರು. “ಯಾರೂ ಬರಾಂಗಿಲ್ಲ, ಆದ್ರೂ ಮಾತು ಮಾತೇ.” ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ, ಬರುವವರನ್ನು ಕಾಯುತ್ತ, ಯಂತ್ರಕ್ಕೆ ಬೆನ್ನು ಹಾಕಿ ಕುಳಿತರು. ಜೇಬಿನಿಂದ ಅಡಕತ್ತರಿ ತೆಗೆದು ಅಡಿಕೆ ಕತ್ತರಿಸತೊಡಗಿದರು.

ಮುಳ್ಳು ಇಟ್ಟೆ. ಕೊನೆಯ ಸಲ ಕೇಳುತ್ತಿದ್ದೇನೆ ಎಂಬ ಯೋಚನೆಯಿಂದ ಮೊದಲ ಭಾಗ ನನಗೆ ಸರಿಯಾಗಿ ಕೇಳಿಸಲೇ ಇಲ್ಲ. ಕೇಳಿಸಿದ್ದು ಅಡಕತ್ತರಿಯ ಸದ್ದು. ತಗ್ಗಿನ ಸ್ವರ, ಕಟಕ್. ಬಿಡುವು, ಕಟಕ್. ಕುಣಿತದ ಭಾಗದಲ್ಲಿ ಅಡಕತ್ತರಿ ಕೊಂಚ ತಡವರಿಸಿ ಲಯಕ್ಕೆ ಬಂತು. ಅದನ್ನು ಆಕಸ್ಮಿಕ ಎಂದೇ ಪರಿಗಣಿಸಿದೆ. ಮೂರನೆಯ ಭಾಗದ ನಡುವೆ ಎಲ್ಲೋ ಸದ್ದು ನಿಂತಿತು. ಅಡಿಕೆ ಮುಗಿದಿರಬೇಕೆಂದು ಬಗ್ಗಿ ನೋಡಿದೆ. ಅಂಗೈಯಲ್ಲಿ ಇಡೀ ಅಡಿಕೆ ಇತ್ತು. ಅಡಕತ್ತರಿ ಬಾಯಿ ತೆರೆದುಕೊಂಡೇ ಇತ್ತು.

ಹೊರಗಿನಿಂದ ಮುನಿಯಪ್ಪನವರು ಇಣುಕಿದರು. “ಯಾರೂ ಬರ್ಲಿಲ್ವಲ್ಲ ಸಾಹುಕಾರ್ರೆ, ಗಾಡಿಗೆ ಹಾಕ್ಲಾ?”

“ಸುಮ್ನಿರಲೇ,” ಎಂದರು ಅಧ್ಯಕ್ಷರು, ತಲೆ ತಿರುಗಿಸದೆ.

ಕೊನೆಯ ಭಾಗ ತೀರ ಚಿಕ್ಕದು. ಮೇಲಿನ ದನಿ ಏನೋ ಕೇಳಿದಂತೆ ಏರಿ ನಿಲ್ಲುತ್ತದೆ. ಕೆಳಗಿನ ತಂತಿ ಒಮ್ಮೆ ಮಿಡಿದು, ಮುಂದುವರಿಯದೆ, ಗಾಳಿಯಲ್ಲೇ ಕರಗುತ್ತದೆ. ಮುಳ್ಳು ಕರಕರ ಎಂದಿತು. ನಾನು ಎತ್ತಿದೆ.

ಅಧ್ಯಕ್ಷರು ಕುರ್ಚಿಯನ್ನು ಯಂತ್ರದ ಕಡೆ ತಿರುಗಿಸಿಕೊಂಡರು.

“ಮುಗೀತೇನ್ರಿ?”

“ಈ ಮಗ್ಗುಲು ಮುಗಿಯಿತು, ಸಾರ್.”

“ಆ ಸಣ್ಣೋನು ಅಷ್ಟು ಕೇಳ್ದ. ದೊಡ್ಡೋನು ಏನೂ ಹೇಳ್ಲೇ ಇಲ್ವಲ್ಲ?”

“ಇನ್ನೊಂದು ಮಗ್ಗುಲು ಇದೆ.”

“ಮತ್ತೇನು ನಿಂತ್ಕಂಡ್ರಿ? ಹಾಕ್ರಿ ಅತ್ಲಾಗೆ.”

ಮುನಿಯಪ್ಪನವರು ಹಗ್ಗ ಹಿಡಿದು ಒಳಗೇ ಬಂದರು. “ಇದ್ಯಾವ ನ್ಯಾಯ ಸಾಹುಕಾರ್ರೆ? ಮೇಷ್ಟ್ರನ್ನ ಬಿಟ್ಟು ಒಬ್ಬರಾದ್ರೂ ತಾವಾಗೇ ಕುಂತಿರ್ಬೇಕು ಅಂತ ಅಂದೋರು ನೀವೇ. ಯಾರು ಕುಂತವ್ರೆ ಇಲ್ಲಿ?”

“ನಾನೇನು ಕಂಬಾನೇನಲೇ?” ಎಂದರು ಶಿವಕುಮಾರಪ್ಪನವರು. “ಕುಂತ್ಕ ಬಾ. ಸದ್ದು ಮಾಡಬ್ಯಾಡ.”

ರೆಕಾರ್ಡನ್ನು ಮಗುಚಿ ಹಾಕಿದೆ. ಮುನಿಯಪ್ಪನವರು ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕುಳಿತರು. ಎರಡನೆಯ ಮಗ್ಗುಲು ಮುಗಿಯುವವರೆಗೂ ಇಬ್ಬರೂ ಏಳಲಿಲ್ಲ.

ಎರಡು ಪ್ರಯೋಗಗಳಿಂದ ತಿಳಿದುಬಂದದ್ದು ಇಷ್ಟು: ಒಂಟಿ ಗಂಬದ ಸಂಗೀತದ ಪರಿಣಾಮ, ಕೇಳಲೆಂದು ಕರೆಸಿದವರಿಗಿಂತ, ಯಾರಾದರೂ ಕೇಳುತ್ತಾರೆಯೇ ಎಂದು ಕಾವಲು ಕುಳಿತವರ ಮೇಲೆ ಹೆಚ್ಚು.